ಹುಲ್ಲು ಕೊಯ್ಯೂದಕ್ಕೂ ಒಂದು ಹೊತ್ತದ

ಹೋದ ವರ್ಷ ಏಪ್ರಿಲ್‌ನಾಗ ಸ್ವಿಂಡನ್‌ಗೆ ಮಗಳ ಮನಿಗೆ ಹೋಗಿದ್ದೆ. ಒಂದು ರವಿವಾರ ಆಕಿ ಅಲ್ಲೇ ಸಮೀಪದ ಕ್ರಿಕ್‌ಲೇಡ್ ಅನ್ನೋ ಊರಿಗೆ ಕರಕೊಂಡು ಹೋದ್ಲು. ಥೇಮ್ಸ್ ಮತ್ತ ಚರ್ನ್ ಹೊಳಿ ನಡುವ ನಾರ್ತ್ ಮೆಡೋ ಅಂತ ಸುಮಾರು 110 ಎಕರೆ ಹುಲ್ಲುಗಾವಲ ಅದ. ಚಳಿಗಾಲಕ್ಕ ಹೊಳಿ ಉಕ್ಕಿ ಅದರ ಮ್ಯಾಲೆ ಹರೀತದ. ನಾವು ಹೋದಾಗ ಎಲ್ಲಾ ಕಡೆ ಫ್ರಿಟಿಲರಿ ಹೂವು, ತಲಿ ಬಗ್ಗಿಸಿ ನಿಂತಿದ್ವು. ಜಾಂಬಳಿ ಬಣ್ಣ, ಎಸಳಿನ ಮ್ಯಾಲೆ ನಮ್ಮ ಚೌಕಡಿ ಸೀರಿ ಹಂಗ ಚೌಕ. ಬ್ರಿಟನ್ನಿನಾಗ ಕಾಡಿನಾಗ ಬೆಳಿಯೋ ಈ ಹೂವಿನ ನೂರಕ್ಕ 80 ಇಲ್ಲೇ ಅವ ಅಂತ.

“ಯಾರೂ ಮುಟ್ಟಧಂಗ ಬೇಲಿ ಹಾಕಿ ಕಾಯ್ದಾರೇನು?” ಅಂದೆ. “ಇಲ್ಲವ್ವಾ, ವರ್ಷಾ ವರ್ಷಾ ಕೊಯ್ತಾರ, ಅದಕ್ಕ ಉಳದಾವ” ಅಂದ್ಲು.

ಕೇಳ್ರಿ, ಇದರ ಇತಿಹಾಸ ಇದು. ನೂರಾರು ವರ್ಷದಿಂದ ಹುಲ್ಲಿನ ಪಾಲು ಒಬ್ಬೊಬ್ಬರದು, ಗಡಿಗೆ ಗುರುತಿನ ಕಲ್ಲು. ಬ್ಯಾಸಿಗಿ ನಡುವ ಕೊಯ್ದು ಒಣಗಿಸಿ ಒಯ್ಯೂದು. ಆಮ್ಯಾಲೆ ಲಾಮಸ್ ಹಬ್ಬದಿಂದ ಊರ ಮಂದಿ ಎಲ್ಲಾರ ದನಾ ಬಿಡೂದು. ಲಾಮಸ್ ಅಂದ್ರ ಆಗಸ್ಟ್ 1. ಆದ್ರ 1752ರಾಗ ಸರಕಾರ ಕ್ಯಾಲೆಂಡರಿನಿಂದ 11 ದಿನ ತಗದು ಹಾಕಿತು. ಹುಲ್ಲಿಗೆ ಕ್ಯಾಲೆಂಡರ್ ಗೊತ್ತಿಲ್ಲಲ್ಲ! ಅದಕ್ಕ ಇವತ್ತಿಗೂ ಅಲ್ಲೆ ದನಾ ಬಿಡೂದು ಆಗಸ್ಟ್ 12ಕ್ಕ, ಹೊರಗ ಹಾಕೂದು ಫೆಬ್ರುವರಿ 12ಕ್ಕ. ನೋಡಿಕೊಳ್ಳಾಕ ಕೋರ್ಟ್ ಲೀಟ್ ಅಂತ ಊರ ಹಳೇ ಪಂಚಾಯ್ತಿ ಅದ.

ಯಾರೂ ಹೂವಿಗಂತ ಈ ನೇಮ ಮಾಡಿದ್ದಲ್ಲ. ಆದ್ರ ಕೊಯ್ಯೂದ್ರೊಳಗ ಬೀಜ ಬಲಿತು ಉದುರತಿತ್ತು. ಹುಲ್ಲು ಒಯ್ದದ್ದಕ್ಕ ಮಣ್ಣಿನ ಸಾರ ಅತಿ ಆಗದ, ಒರಟು ಹುಲ್ಲು ಹೂವನ್ನ ತುಳೀತಿರಲಿಲ್ಲ. ಇಂಥಾ ಗಾವಲದಾಗ ಕರ್ಲ್ಯೂ ಅನ್ನೋ ಉದ್ದ ಕೊಕ್ಕಿನ ಹಕ್ಕಿ ನಮ್ಮ ಟಿಟ್ಟಿಭದ ಹಂಗ ನೆಲದ ಮ್ಯಾಲೇ ತತ್ತಿ ಇಡತದ. ಅದರ ಮರಿಗೂ ರೆಕ್ಕಿ ಬಲಿಯಾಕ ಹೊತ್ತು ಸಿಗತಿತ್ತು.

ಯುದ್ಧದಾಗ ಕಾಳಿಗಂತ ಉತ್ತರು. ಆಮ್ಯಾಲೆ ಗೊಬ್ಬರ ಬಂತು, ಮೇ ತಿಂಗಳದಾಗ ಹಸಿ ಹುಲ್ಲು ಕೊಯ್ದು ಸೈಲೇಜ್ ಮಾಡೂದು ಬಂತು. ಬೀಜಕ್ಕೂ ಹೊತ್ತಿಲ್ಲ, ಮರಿಗೂ ಇಲ್ಲ. 1930ರಿಂದ 1984ರೊಳಗ ಇಂಗ್ಲೆಂಡ್, ವೇಲ್ಸ್‌ನಾಗ ಹೂವಿನ ಹುಲ್ಲುಗಾವಲ ನೂರಕ್ಕ 97 ಹೋದ್ವು. ಬೀಜ ಹಾಕಿದ್ರೂ ಫ್ರಿಟಿಲರಿ ಹೂವು ಬಿಡಾಕ ಐದಾರು ವರ್ಷ ಬೇಕು. ಹೋದದ್ದು ಬ್ಯಾಗ ಬರೂದಿಲ್ಲ.

ಊರಿಗೆ ಬಂದ ಮ್ಯಾಲೆ ಮೈದುನಗ ಹೇಳಿದೆ: “ಹೊಲದ ಬದುವಿಗೆ ಕಳೆ ಔಷಧ ಹೊಡೀಬ್ಯಾಡಪಾ, ಬೀಜ ಉದುರಿದ ಮ್ಯಾಲೆ ಕುಡುಗೋಲಿಲೆ ಕೊಯ್ಸು.” ಅಂವ ನಕ್ಕ. ಆದ್ರ ಈ ಸಲ ಔಷಧ ಹೊಡದಿಲ್ಲ.