ಗಿರಿಯ ಹುಲ್ಲು, ಬಯಲಿನ ನೀರು

ಚಿಕ್ಕಮಗಳೂರಿನಿಂದ ಕಡೂರಿಗೆ ಹೋಗುವ ವಾಚಕರು ಸಖರಾಯಪಟ್ಟಣದ ಬಳಿ ಒಂದಿಷ್ಟು ಒಳಕ್ಕೆ ತಿರುಗಿದರೆ, ಶಕುನಗಿರಿಯ ಮಗ್ಗುಲಲ್ಲಿ ಅಯ್ಯನಕೆರೆಯನ್ನು ಕಾಣುವರು. ಹಿಂದೆ ಬಾಬಾಬುಡನ್‌ಗಿರಿಯ ನೀಲಿ ಸಾಲು. ಮುಂದೆ ತೆಂಗು, ಅಡಕೆ, ಗದ್ದೆಗಳ ಹಸುರು. ಅದರಾಚೆಗೆ ಜಾಲಿ ಬೆಳೆಯುವ ಬಯಲುಸೀಮೆ.

ಒಮ್ಮೆ ಆ ಕೆರೆಯ ಏರಿಯ ಮೇಲೆ ವಿದ್ಯಾರ್ಥಿಗಳೊಡನೆ ನಿಂತಿದ್ದೆ. “ಬೆಟ್ಟದ ನೆತ್ತಿಯಲ್ಲಿ ಮರವೇ ಇಲ್ಲವಲ್ಲ ಸಾರ್, ಅದು ಪಾಳು ನೆಲವೇ?” ಎಂದು ಒಬ್ಬ ಹುಡುಗ ಕೇಳಿದ. ಪ್ರಶ್ನೆ ಚಿಕ್ಕದು, ಉತ್ತರದಲ್ಲಿ ಒಂದು ಸೀಮೆಯ ಚರಿತ್ರೆಯೇ ಅಡಗಿದೆ.

6,000 ಅಡಿಗೂ ಮಿಗಿಲಾದ ಆ ಎತ್ತರದಲ್ಲಿ ಇಳಿಜಾರಿಗೆಲ್ಲ ಹುಲ್ಲು. ಮಡಿಕೆಗಳಲ್ಲಿ ಮಾತ್ರ ದಟ್ಟವಾದ ಶೋಲಾ ಕಾಡು. ಮುಂಗಾರಿನ ನೀರನ್ನು ಇವೆರಡೂ ಹೀರಿ, ಮಳೆ ನಿಂತ ಮೇಲೂ ಮೆಲ್ಲಮೆಲ್ಲನೆ ಒಸರುತ್ತವೆ. ಮುಳ್ಳಯ್ಯನಗಿರಿಯ ಮೂಡಲಲ್ಲಿ ಹುಟ್ಟುವ ಗೌರಿಹಳ್ಳ ಅಯ್ಯನಕೆರೆಯನ್ನು ತುಂಬಿ, ವೇದಾ ಎಂಬ ಹೆಸರಿನಿಂದ ಹೊರಡುವುದು. ಗಿರಿಯ ಒಳಮಗ್ಗುಲಿನ ಅವತಿ ಮದಗದಕೆರೆಯನ್ನು ಹಾದು ಬರುವುದು. ಕಡೂರಿನ ಬಳಿ ಎರಡೂ ಕೂಡಿದರೆ ವೇದಾವತಿ. ಹೆಸರಿನಲ್ಲಿಯೇ ಸಂಗಮವಿದೆ, ನೋಡಿ!

ಅಯ್ಯನಕೆರೆಯನ್ನು ಕಟ್ಟಿಸಿದವನು ರುಕ್ಮಾಂಗದರಾಯನೆಂದು ಸ್ಥಳೀಯರ ಹೇಳಿಕೆ. ಕಟ್ಟಿಸಿದವರು ಯಾರೇ ಆಗಲಿ, ಹಳ್ಳವು ಬೆಟ್ಟವನ್ನಿಳಿದು ಬಯಲಿನಲ್ಲಿ ಚೆದುರುವ ಮೊದಲೇ ಅದನ್ನು ತಡೆದು ನಿಲ್ಲಿಸಿದ ಅವರ ವಿವೇಕ ದೊಡ್ಡದು. ಅದೇ ವಿವೇಕವನ್ನು ಮೈಸೂರು ಸಂಸ್ಥಾನವು ಹಿರಿಯೂರಿನ ಬಳಿ ಇನ್ನೂ ದೊಡ್ಡದಾಗಿ ತೋರಿಸಿತು. ಎರಡು ಗುಡ್ಡಗಳ ನಡುವಣ ಮಾರಿಕಣಿವೆಗೆ 1898ರಿಂದ 1907ರವರೆಗೆ ಕಟ್ಟೆ ಕಟ್ಟಿ ವೇದಾವತಿಯನ್ನು ನಿಲ್ಲಿಸಿದರು. ಅದೇ ವಾಣಿವಿಲಾಸ ಸಾಗರ.

ಆ ಸಾಗರ 1933ರಲ್ಲಿ ಕೋಡಿ ಬಿದ್ದಿತು. ಮತ್ತೆ ಕೋಡಿ ಬಿದ್ದುದು 2022ರಲ್ಲಿ, 89 ವರ್ಷಗಳ ಮೇಲೆ! ಆಗಲೂ ಒಳ್ಳೆಯ ಮಳೆಯೊಡನೆ ಭದ್ರೆಯಿಂದ ಎತ್ತಿ ತಂದ ನೀರು ಸೇರಿತ್ತು. ಬಯಲುಸೀಮೆಯಲ್ಲಿ ಕಟ್ಟೆ ಕಟ್ಟುವುದು ಮನುಷ್ಯನ ಕೈಯಲ್ಲಿದೆ, ತುಂಬಿಸುವುದು ಅಷ್ಟು ಸುಲಭವಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಗಿರಿಯ ಹುಲ್ಲು ಸುಟ್ಟರೆ, ಇಳಿಜಾರು ಅಗೆದರೆ, ಮಳೆಯ ನೀರು ಮಣ್ಣನ್ನು ಹೊತ್ತು ಒಮ್ಮೆಲೇ ಧುಮುಕುವುದು. ಕೆರೆಗೆ ನೀರಿನ ಬದಲು ಹೂಳು ತುಂಬುವುದು. ಆದುದರಿಂದ ಹುಡುಗನಿಗೆ ಹೇಳಿದೆ: “ಅದು ಪಾಳಲ್ಲಪ್ಪ, ಈ ಕೆರೆಗೂ ಮೇಲಿನ ಕೆರೆ ಅದು.” ತಾವು ಗಿರಿಗೆ ವಿಹಾರಕ್ಕೆ ಹೋದಾಗ ಆ ಹುಲ್ಲಿನ ಮೇಲೆ ಕಾಲಿಡುವ ಮುನ್ನ ಹಿರಿಯೂರಿನ ರೈತನನ್ನು ಒಮ್ಮೆ ನೆನೆಯಿರಿ.