ದುಡಿಯುವ ಸ್ನಾಯು ಸಾಕ್ಷಿ ಹೇಳಿದ ಕಥೆ

ಧಾರವಾಡದ ಸಪ್ತಾಪುರದಲ್ಲಿ ರಾತ್ರಿ 10 ಆದರೂ ರೀಡಿಂಗ್ ರೂಮುಗಳ ದೀಪ ಆರುವುದಿಲ್ಲ. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಹಳ್ಳಿಗಳಿಂದ ಬಂದವರು ಕುತ್ತಿಗೆ ಬಗ್ಗಿಸಿ ಓದುತ್ತಿರುತ್ತಾರೆ. ನಾವೂ ಹಾಗೆ ಕೂತವರೇ. ಹೆಗಲು ಹಿಡಿದಿದೆ ಎಂದು ಊರಿಗೆ ಫೋನ್ ಮಾಡಿದರೆ, "ಕುಂತಲ್ಲೇ ಕುಂತವರಿಗೆ ಎಂಥಾ ನೋವಪಾ" ಎಂಬ ಉತ್ತರ. ದಿನವಿಡೀ ಬಗ್ಗಿ ಕಳೆ ತೆಗೆದ ಅವ್ವ ನಡ ನೋವು ಎಂದರೂ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನೋವು ಕಣ್ಣಿಗೆ ಕಾಣುವುದಿಲ್ಲವಲ್ಲ!

ನೋವು ಕಾಣದಿದ್ದರೂ ಸ್ನಾಯು ಪಡುವ ಶ್ರಮವನ್ನು ಅಳೆಯಬಹುದು. ಸ್ನಾಯು ಬಿಗಿಯುವಾಗ ಅದರಲ್ಲಿ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ. 1849ರಲ್ಲಿ ಜರ್ಮನಿಯ ದು ಬೋಯಿಸ್ ರೇಮಂಡ್ ಮನುಷ್ಯನ ತೋಳಿನಲ್ಲೇ ಇದನ್ನು ಹಿಡಿದು ತೋರಿಸಿದರು. ಚರ್ಮ ವಿದ್ಯುತ್ತಿಗೆ ಅಡ್ಡ ಬರುತ್ತದೆಂದು ತಮ್ಮ ತೋಳಿನ ಮೇಲೆ ಬೊಬ್ಬೆ ಎಬ್ಬಿಸಿ, ಚರ್ಮ ತೆಗೆದು ಪ್ರಯೋಗ ಮಾಡಿದರು. ಈಗ ಅಷ್ಟು ಕಷ್ಟವಿಲ್ಲ. ಇಸಿಜಿಗೆ ಅಂಟಿಸುವಂಥ ಬಿಲ್ಲೆಗಳನ್ನು ಚರ್ಮದ ಮೇಲೆ ಅಂಟಿಸಿದರೆ ಸಾಕು. ಇದಕ್ಕೆ ಸರ್ಫೇಸ್ ಇಎಂಜಿ ಎನ್ನುತ್ತಾರೆ.

ಈ ವಿದ್ಯೆ ಆಸ್ಪತ್ರೆ ದಾಟಿ ಕೆಲಸದ ಜಾಗಕ್ಕೂ ಬಂತು. 1951ರಲ್ಲಿ ನಾರ್ವೆಯ ಲುಂಡರ್ವೊಲ್ಡ್ ಟೈಪ್ ಮಾಡುವವರ ಸ್ನಾಯುಗಳನ್ನು ಇಎಂಜಿಯಿಂದ ಪರೀಕ್ಷಿಸಿ, ಕೂರುವ ಭಂಗಿ, ಕೆಲಸ ಮಾಡುವ ರೀತಿಯ ಮೇಲೆ ದೊಡ್ಡ ಅಧ್ಯಯನ ಪ್ರಕಟಿಸಿದರು. ಮೇಜು ಎತ್ತರವಿದ್ದರೆ ಹೆಗಲು ಮೇಲೇರುತ್ತದೆ. ಬೆರಳಷ್ಟೇ ಆಡಿದರೂ ಹೆಗಲಿನ ಸ್ನಾಯು ಬಿಗಿದೇ ಇರುತ್ತದೆ. ಕೂತವರೂ ದುಡಿಯುತ್ತಿರುತ್ತಾರೆ ಎಂಬುದಕ್ಕೆ ಇದೇ ಸಾಕ್ಷಿ.

1993ರಲ್ಲಿ ಅದೇ ನಾರ್ವೆಯಿಂದ ಇನ್ನೊಂದು ಮಾತು ಬಂತು. ಪ್ಯಾಕಿಂಗ್ ಕೆಲಸದ ಹೆಣ್ಣುಮಕ್ಕಳ ಹೆಗಲಿಗೆ ಇಎಂಜಿ ಹಚ್ಚಿ ನೋಡಿದ್ದರು. ಮುಂದೆ ನೋವು ಬಂದವರಲ್ಲಿ, ಕೆಲಸದ ನಡುವೆ ಸ್ನಾಯು ಸಡಿಲಾಗುವ ಕ್ಷಣಗಳು ಕಡಿಮೆ ಇದ್ದವು. ಅವು ಸೆಕೆಂಡಿಗಿಂತಲೂ ಚಿಕ್ಕ ಬಿಡುವುಗಳು. ಭಾರ ಎತ್ತಿದರೆ ಮಾತ್ರ ನೋವು ಎಂಬ ನಂಬಿಕೆ ಇಲ್ಲಿ ಅಲುಗಾಡಿತು. ಹಗುರ ಕೆಲಸವೂ ಬಿಡುವಿಲ್ಲದಿದ್ದರೆ ಭಾರವೇ.

ನಮ್ಮ ಧಾರವಾಡವೂ ಈ ಕಥೆಯ ಹೊರಗಿಲ್ಲ. ಕೃಷಿ ವಿಶ್ವವಿದ್ಯಾಲಯದ ಅಂದಿನ ಗ್ರಾಮೀಣ ಗೃಹ ವಿಜ್ಞಾನ ಕಾಲೇಜಿನವರು ರೈತ ಮಹಿಳೆಯರ ದುಡಿಮೆಯನ್ನು ಅಳೆದಿದ್ದಾರೆ. ಕೆಲಸದ ಹೊತ್ತಿನ ಎದೆಬಡಿತ, ಖರ್ಚಾಗುವ ಶಕ್ತಿ ಲೆಕ್ಕಹಾಕಿ, ಶ್ರಮ ತಗ್ಗಿಸುವ ಸಲಕರಣೆಗಳನ್ನು ಪರೀಕ್ಷಿಸಿದ್ದಾರೆ. ಅವ್ವನ ನಡ ನೋವು ಬರೀ ಗೊಣಗಾಟವಲ್ಲ, ಅಳೆದು ನೋಡಬೇಕಾದ ವಿಷಯ ಎಂದು ಒಪ್ಪಿದ್ದೇ ದೊಡ್ಡದು.

ಇಎಂಜಿ ಯಂತ್ರ ಊರೂರಿಗೆ ಬರುವುದಿಲ್ಲ, ಬರಬೇಕಿಲ್ಲ. ಓದುವಾಗ ಮೊಣಕೈಗೆ ಆಸರೆ ಕೊಡಿ, ಹೆಗಲು ಇಳಿಬಿಡಿ, ಆಗಾಗ ಎದ್ದು ನಿಲ್ಲಿ. ಹತ್ತಿ ಬಿಡಿಸುವಾಕೆ ಉಡಿ ಇಳಿಸಿ ಒಂದು ಗಳಿಗೆ ನೆಟ್ಟಗೆ ನಿಂತರೆ, "ಯಾಕ ನಿಂತಿ?" ಎಂದು ಗದರಬೇಡಿ.