ಕುಡಿದು ಚಾಲನೆ ತಪಾಸಣೆ: ಚಾಲಕರ ಕಾನೂನು ಹಕ್ಕುಗಳು

ಭಾರತದಲ್ಲಿ ವಾಹನ ತಡೆದು ಚಾಲಕರ ಉಸಿರು ಪರೀಕ್ಷಿಸುವ ಕ್ರಮ ಜನರ ಬಾಯಲ್ಲಿ ‘ಡ್ರಂಕ್ ಅಂಡ್ ಡ್ರೈವ್’ ಚೆಕಿಂಗ್. ಇದರ ಬೇರು 1988ರ ಮೋಟಾರು ವಾಹನಗಳ ಕಾಯ್ದೆಯಲ್ಲಿದೆ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದರೆ 185ನೇ ಕಲಂ ಪ್ರಕಾರ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ ಆರು ತಿಂಗಳವರೆಗಿನ ಸೆರೆ, 10,000 ರೂಪಾಯಿ ದಂಡ ಅಥವಾ ಎರಡೂ.

ಉಪಕರಣಕ್ಕೆ ಊದುವುದಿಲ್ಲವೆಂದು ಹಟ ಹಿಡಿಯುವುದು ಹಕ್ಕಲ್ಲ. ಸಮವಸ್ತ್ರದಲ್ಲಿರುವ ಪೊಲೀಸರು ಸಕಾರಣ ಅನುಮಾನವಿದ್ದಾಗ ಉಸಿರಿನ ಮಾದರಿ ಕೇಳಬಹುದು. ಕೊಡದಿದ್ದರೆ 203ನೇ ಕಲಂ ಅಡಿ ವಾರಂಟ್ ಇಲ್ಲದೆ ಬಂಧಿಸಬಹುದು. ತಕ್ಕ ಕಾರಣವಿಲ್ಲದ ನಿರಾಕರಣೆ ಕೋರ್ಟಿನಲ್ಲಿ ಚಾಲಕರಿಗೇ ತಿರುಗುಬಾಣ. ಆದರೆ ಆರೋಪ ಹೊತ್ತವರನ್ನು ತಮ್ಮ ವಿರುದ್ಧವೇ ಸಾಕ್ಷಿ ನುಡಿಯುವಂತೆ ಒತ್ತಾಯಿಸಲು ಸಂವಿಧಾನದ 20(3)ನೇ ವಿಧಿ ಬಿಡುವುದಿಲ್ಲ.

ನಿಜವಾದ ರಕ್ಷಣೆ ಅಡಗಿರುವುದು ಗಡಿಯಾರದಲ್ಲಿ. 185ನೇ ಕಲಂ ಅಡಿ ಬಂಧಿತರಾದವರನ್ನು ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು, ಇಲ್ಲವಾದರೆ ಬಿಡುಗಡೆ ಮಾಡಬೇಕು ಎಂದು 202ನೇ ಕಲಂ ಖಡಾಖಂಡಿತವಾಗಿ ಹೇಳುತ್ತದೆ. ದೇಹದಲ್ಲಿ ಮದ್ಯಸಾರ ಹೊತ್ತು ಕಳೆದಂತೆ ಕರಗುವುದರಿಂದ ಈ ಅವಧಿ ಸತ್ಯಕ್ಕೂ ಮುಖ್ಯ. ಹಾಗಾಗಿ ಬಂಧನದ ಮೆಮೊದಲ್ಲಿ ಹೊತ್ತು ಸರಿಯಾಗಿ ದಾಖಲಾಗಿದೆಯೇ ಎಂದು ನೋಡಿಕೊಳ್ಳುವುದು ಸಣ್ಣ ವಿಷಯವೇನಲ್ಲ. ಮಹಿಳೆಯ ರಕ್ತದ ಮಾದರಿಯನ್ನು ಪುರುಷ ವೈದ್ಯರು ತೆಗೆಯುವಾಗ ಇನ್ನೊಬ್ಬ ಮಹಿಳೆ ಹಾಜರಿರಲೇಬೇಕು.

ಮೌತ್‌ವಾಷ್ ಬಳಸಿದ್ದರೆ ಬಾಯಲ್ಲಿ ಉಳಿದ ಮದ್ಯಸಾರವೂ ಸ್ವಲ್ಪ ಹೊತ್ತು ಉಸಿರು ಪರೀಕ್ಷೆಯ ಅಂಕಿಯನ್ನು ಏರಿಸಬಲ್ಲದು; ಅದನ್ನು ಅಲ್ಲೇ ತಿಳಿಸಿ ಮರುಪರೀಕ್ಷೆ ಕೇಳುವುದು ಜಾಣತನ. ಬಚುಭಾಯಿ ಹಸನಲ್ಲಿ ಕರಿಯಾನಿ ಪ್ರಕರಣದಲ್ಲಿ 1971ರಲ್ಲಿ ಸುಪ್ರೀಂ ಕೋರ್ಟ್, ಬಾಯಿಯ ವಾಸನೆ, ತೂರಾಡುವ ನಡಿಗೆ, ಹಿಗ್ಗಿದ ಕಣ್ಣುಪಾಪೆ, ತೊದಲು ಮಾತು ಇವಿಷ್ಟೇ ನಿರ್ಣಾಯಕವಲ್ಲ ಎಂದಿತು. ಆ ಪ್ರಕರಣದಲ್ಲಿ ರಕ್ತ ಅಥವಾ ಮೂತ್ರ ಪರೀಕ್ಷೆ ನಡೆದಿರಲಿಲ್ಲ.

ಬಂಧನಕ್ಕೆ ಕಾರಣ ತಿಳಿಯುವುದು, ವಕೀಲರನ್ನು ಸಂಪರ್ಕಿಸುವುದು ಸಂವಿಧಾನದ 22ನೇ ವಿಧಿ ಕೊಟ್ಟ ಹಕ್ಕುಗಳು. ಮನೆಯವರಿಗೆ ಸುದ್ದಿ ಮುಟ್ಟಿಸಬೇಕೆಂಬುದು 1996ರ ಡಿ.ಕೆ. ಬಸು ತೀರ್ಪಿನ ನಿರ್ದೇಶನ. ಅಪರಾಧ ಜಾಮೀನಿಗೆ ಅರ್ಹ.

ವಾಹನದ ಗತಿ? ಕುಡಿದು ಓಡಿಸಿದ ಮಾತ್ರಕ್ಕೆ ಅದನ್ನು ವಶಕ್ಕೆ ಪಡೆಯುವಂತಿಲ್ಲ, ಕುಡಿಯದ ಜೊತೆಗಾರರಿಗೋ ಬಂಧುಗಳಿಗೋ ಒಪ್ಪಿಸಬೇಕು ಎಂದು 2021ರಲ್ಲಿ ತೆಲಂಗಾಣ ಹೈಕೋರ್ಟ್ ಹೇಳಿತು. ಡ್ರೈವಿಂಗ್ ಲೈಸೆನ್ಸ್ ಪಡೆದುಕೊಂಡರೆ ಪೊಲೀಸರು ತಾತ್ಕಾಲಿಕ ರಸೀದಿ ಕೊಡಬೇಕು. ಸ್ಥಳದಲ್ಲೇ ದಂಡ ಕಟ್ಟಿ ರಾಜಿಯಾಗಬಹುದಾದ ಅಪರಾಧಗಳನ್ನು ಹೆಸರಿಸುವ 200ನೇ ಕಲಂನಲ್ಲಿ 185 ಸೇರಿಲ್ಲ. ಆದ್ದರಿಂದ ರಸ್ತೆಯಲ್ಲಿ ಯಾರಾದರೂ ನಗದು ಕೇಳಿದರೆ ಕೊಡಬೇಕಿಲ್ಲ, ದಂಡ ನಿಗದಿಪಡಿಸುವುದು ನ್ಯಾಯಾಲಯ.